ಷರಾ

ಯಾರ್ಕ್ ಊರಿನ ನೆಲದ ಲೆಕ್ಕ ಬರೆಯುವ ನಮ್ಮ ಕಚೇರಿ
ನದಿಗೆ ಬೆನ್ನು ಹಾಕಿ ಕೂತಿದೆ, ಮೊದಲ ಮಹಡಿಯಲ್ಲಿ.
ಕೆಳಗಿನದು ನೆರೆ ಬಂದಾಗ ನದಿಗೇ ಬಿಟ್ಟದ್ದು.
ಇಲ್ಲಿ ಊರು ಒಂದರ ಮೇಲೊಂದು ಮಲಗಿರುವುದಿಲ್ಲ,
ಅಕ್ಕಪಕ್ಕ ನಿಂತಿರುತ್ತದೆ, ಕಾರ್ಡುಗಳಲ್ಲಿ, ನಂಬರು ಹೊತ್ತು:
ರೋಮನರ ಚರಂಡಿಗೆ ಒತ್ತಿಕೊಂಡು ಬಸ್ ನಿಲ್ದಾಣದ ತಳಪಾಯ,
ಸನ್ಯಾಸಿನಿಯರ ಗೋರಿಗೆ ತಾಗಿ
ಮಿಠಾಯಿ ಕಾರ್ಖಾನೆಯ ಹೊಗೆಗೂಡಿನ ಬುಡ.

ಬಹುಪಾಲು ಕಾರ್ಡು ಹೇಳುವುದು ಒಂದೇ ಮಾತು:
"ಅಗೆಯಲಾಯಿತು. ಏನೂ ಕಾಣಲಿಲ್ಲ."
ಗ್ಯಾಸ್ ಪೈಪಿಗೆ, ಟೆಲಿಫೋನ್ ಕಂಬಕ್ಕೆ,
ಅಡುಗೆಮನೆ ಸಾಲದಾದ ಯಾರದೋ ಹಿತ್ತಲಿಗೆ
ಯಾರೋ ಮಳೆಯಲ್ಲಿ ನಿಂತು ಗುಂಡಿ ದಿಟ್ಟಿಸಿದ್ದಾರೆ,
ಇಲ್ಲವೆಂದು ಸಹಿ ಹಾಕಿದ್ದಾರೆ.
ಇಲ್ಲ ಎಂಬುದಕ್ಕೂ ನಮ್ಮಲ್ಲಿ ನಂಬರಿದೆ.
ಹತ್ತೊಂಬತ್ತು ವರ್ಷದಿಂದ ಇವನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ;
ಇಲ್ಲದ್ದನ್ನು ಬರೆದೂ ಬರೆದೂ
ಕನ್ನಡಕದ ನಂಬರು ಏರಿದೆ.

ಕಾರ್ಡು ಎರಡು ಸಾವಿರದ ನೂರ ಆರು ಹಾಗಲ್ಲ.
ವಸ್ತು: ಬಾಚಣಿಗೆ, ಜಿಂಕೆಯ ಕೊಂಬಿನದು.
ಸ್ಥಳ: ಒಳಚರಂಡಿಯ ಕಂದಕ, ಹನ್ನೊಂದು ಅಡಿ ಆಳ,
ಗಾಳಿಯಾಡದ ಕಪ್ಪು ಕೆಸರು.
ಚೆಕ್ಕುಬಂದಿ: ಪೂರ್ವಕ್ಕೆ ಚರ್ಮ ಹದಮಾಡುವವರ ಹೊಂಡ,
ಪಶ್ಚಿಮಕ್ಕೆ ಕಾರು ನಿಲ್ಲಿಸುವ ಜಾಗ.
ಬಳಕೆಯ ಕಾಲ: ಹತ್ತನೆಯ ಶತಮಾನ.
ಹಲ್ಲು: ಐವತ್ತೆರಡರಲ್ಲಿ ಆರು ಮುರಿದಿವೆ.
ಸಿಕ್ಕಿದ್ದು ೧೯೭೨, ಮಾರ್ಚ್ ೧೪. ಒಪ್ಪಿಸಿದ್ದು ೧೫.
ಯಾರಿಗೆ ಸಿಕ್ಕಿತು: ಕೂಲಿಯವನೊಬ್ಬನಿಗೆ.
ಕೊನೆಗೆ, ಬೇರೆ ಶಾಯಿಯಲ್ಲಿ, ಪ್ರಯೋಗಾಲಯದ ಇರುವೆಯಕ್ಷರ:
"ಹಲ್ಲುಗಳ ನಡುವೆ ಒಂದು ಕೂದಲು, ತಿಳಿ ಹೊಂಬಣ್ಣ.
ಇತ್ತೀಚಿನದು. ಕಲಬೆರಕೆ. ತೆಗೆದುಹಾಕಲಾಗಿದೆ."

ಕಳೆದ ಮಂಗಳವಾರ ಒಬ್ಬಾಕೆ ಬಂದಳು.
ಒದ್ದೆ ಕೊಡೆ ಎಲ್ಲಿಡಲಿ ಎಂದು ಕೇಳಿದಳು,
ಆಮೇಲೆ, ಈ ದಾಖಲೆ ಎಲ್ಲರದ್ದೂ ತಾನೇ ಎಂದಳು.
ಹೌದು ಎಂದೆ.
ಹೆಸರು ವೆಲ್ಟಾ ಕ್ರೌಕ್ಲೆ. ಹೀಟರಿನ ಸೆಖೆಯಲ್ಲೂ
ಉಣ್ಣೆಯ ಟೋಪಿ ತೆಗೆಯಲಿಲ್ಲ.
ಅಪ್ಪ ಯುದ್ಧ ಮುಗಿದ ಮೇಲೆ ಲಾಟ್ವಿಯಾದಿಂದ ಬಂದವನು,
ಮೊದಲು ಸಕ್ಕರೆ ಗೆಡ್ಡೆಯ ಹೊಲ, ಆಮೇಲೆ ಮೂವತ್ತು ವರ್ಷ ಗುದ್ದಲಿ.

"ಆ ಸಂಜೆ ಕೋಟಿನ ಜೇಬಲ್ಲಿ ಮನೆಗೆ ತಂದ,
ನಲ್ಲಿಯ ಕೆಳಗೆ ಹಿಡಿದು ತೊಳೆದ."
(ನಲ್ಲಿಯ ನೀರು! ನನ್ನೊಳಗಿನ ಗುಮಾಸ್ತೆ ಹಣೆ ಚಚ್ಚಿಕೊಂಡಳು.)
"ಅಮ್ಮ ಬೈದಳು: ಸತ್ತವರದ್ದು, ಹೇನಿರುತ್ತೆ.
ಸಾವಿರ ವರ್ಷದ ಹೇನೇ? ಅಪ್ಪ ನಕ್ಕ.
ನನ್ನನ್ನು ಮೊಣಕಾಲ ನಡುವೆ ಕೂರಿಸಿಕೊಂಡು
ನೆತ್ತಿಯಿಂದ ಬೆನ್ನವರೆಗೂ ಬಾಚಿದ, ಮೆಲ್ಲಗೆ,
ಒಲೆಯಿಂದ ಬಿಸಿ ಪಾತ್ರೆ ಇಳಿಸುವವನ ಹಾಗೆ.
ಎಡಗಡೆ ಗಂಟಿತ್ತು. ಎಳೆಯಿತು. ಅತ್ತೆ.
'ಕೆಲಸ ಮಾಡುತ್ತೆ' ಎಂದ, ಅಷ್ಟೆ.
ಬೆಳಿಗ್ಗೆ ಪೇಪರಿನಲ್ಲಿ ಸುತ್ತಿ ಕೊಟ್ಟು ಬಂದ.
ಹೆಸರು ಕೇಳಿದರಂತೆ. ಹೇಳಿದನಂತೆ.
ಬರೆಯಲು ಬರಲಿಲ್ಲವೇನೋ ಅವರಿಗೆ."

ಪರದೆಯನ್ನು ಆಕೆಯ ಕಡೆ ತಿರುಗಿಸಿದೆ.
ಬೆರಳಿಟ್ಟು ಓದಿದಳು, ಕಡೆಯ ಸಾಲಿಗೆ ಬಂದು ನಿಂತಳು.
"ಕಲಬೆರಕೆ," ಎಂದಳು ಗಟ್ಟಿಯಾಗಿ. "ಅದು ನಾನು."

ತಿದ್ದಲು ನನಗಿರುವ ಅಧಿಕಾರ ಅಲ್ಪ.
ಕೂಲಿಯವನನ್ನು ಅಳಿಸಿ ಆರ್ವಿಡ್ಸ್ ಕ್ರೌಕ್ಲಿಸ್ ಎಂದು ಹಾಕಿದೆ,
ಆಕೆ ಒಂದೊಂದೇ ಅಕ್ಷರ ಹೇಳಿದಂತೆ.
ಕೂದಲನ್ನು ಮರಳಿ ತರಲಾಗದು; ಯಾವ ಕಸದಬುಟ್ಟಿ ಕಂಡಿತೋ.
ಬಳಕೆಯ ಕಾಲದ ಮುಂದೆ ಕರ್ಸರು ಮಿಣುಕುತ್ತಿತ್ತು.
ಹತ್ತನೆಯ ಶತಮಾನ, ಅಲ್ಪವಿರಾಮ,
ಮತ್ತು ೧೯೭೨, ಮಾರ್ಚ್ ೧೪,
ರಾತ್ರಿ, ಊಟವಾದ ಮೇಲೆ.

ಮೇಲಧಿಕಾರಿ ಷರಾ ಹಾಕಿ ಕಳಿಸಿದ: ಆಧಾರ?
ನಾನು ಬರೆದೆ: ಎಳೆದಾಗ ನೋವಾಯಿತಂತೆ.
ಇನ್ನೂ ಉತ್ತರ ಬಂದಿಲ್ಲ.
ಕೊಡೆಯನ್ನು ಆಕೆ ಮರೆತು ಹೋಗಿದ್ದಾಳೆ.
ಬಾಗಿಲ ಮೂಲೆಯಲ್ಲಿ ಒಣಗುತ್ತಿದೆ,
ನಂಬರಿಲ್ಲದೆ.